ಕಾವಲಿನ ಆಯುಧಗಳು: ಕವಣೆ, ಕೋವಿ, ಉರುಳು

ಆಯುಧ ಎಂಬ ಒಂದೇ ಪದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಈಗ ಮೂರು ಅರ್ಥಗಳು ಒಟ್ಟಿಗೇ ಬಾಳುತ್ತಿವೆ. ಆ ಮೂರನ್ನೂ ಬಿಡಿಸಿ ನೋಡದ ಹೊರತು ಈ ಸೀಮೆಯ ಕವಣೆ ಕೋವಿಗಳ ಚರಿತ್ರೆ ಸರಿಯಾಗಿ ತಿಳಿಯುವುದಿಲ್ಲ. ಮಹಾನವಮಿಯ ಆಯುಧಪೂಜೆಯಂದು ಮನೆಯ ಪಡಸಾಲೆಯಲ್ಲಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಸಾಲಾಗಿ ಇಡುವ ವಸ್ತುಗಳೆಂದರೆ ಕುಡುಗೋಲು, ಮಚ್ಚು, ಗುದ್ದಲಿ, ನೇಗಿಲಿನ ಗುಳ, ಈಳಿಗೆಮಣೆ, ರೇಷ್ಮೆ ನೇಯುವ ಮನೆಯಾದರೆ ಮಗ್ಗದ ಲಾಳಿ. ಅಲ್ಲಿ ಆಯುಧವೆಂದರೆ ಅನ್ನ ಕೊಡುವ ಸಲಕರಣೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವ ಅರ್ಥ ಬೇರೆ: ಆಕ್ರಮಣಕ್ಕೋ ರಕ್ಷಣೆಗೋ ಆಯುಧವಾಗಿಯೇ ರೂಪಿಸಿದ ವಸ್ತುಗಳನ್ನು ಅದು ಶಸ್ತ್ರವೆಂದು ಎಣಿಸುತ್ತದೆ, ಮನೆವಾರ್ತೆಗೂ ಬೇಸಾಯಕ್ಕೂ ಮೀಸಲಾದ ಸಲಕರಣೆಗಳನ್ನು, ಲಾಠಿ ಊರುಗೋಲುಗಳನ್ನು, ಆಟಿಕೆಯಾಗಿ ಅಲ್ಲದೆ ಬೇರೆ ಯಾವುದಕ್ಕೂ ಒದಗದ ವಸ್ತುಗಳನ್ನು ಹೊರಗಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅರ್ಥ ಇನ್ನೂ ವಿಶಾಲವಾದದ್ದು. ಕೋವಿ, ಬಿಲ್ಲು ಬಾಣ, ಸಿಡಿಮದ್ದು, ಚಾಕುಗಳ ಜೊತೆಗೆ ಗಾಳ, ಬಲೆ, ಉರುಳು, ಬೋನು, ವಿಷ ಇವೆಲ್ಲವೂ ಅಲ್ಲಿ ಆಯುಧಗಳೇ, ಪ್ರಾಣಿಯನ್ನು ಮೋಸದಿಂದ ಹತ್ತಿರಕ್ಕೆ ಸೆಳೆಯುವ ಸಾಧನ ಕೂಡ ಆಯುಧವೇ. ಹೀಗಾಗಿ ಹುಡುಗನೊಬ್ಬನ ಚಡ್ಡಿ ಜೇಬಿನಲ್ಲಿರುವ ರಬ್ಬರಿನ ಬಿಲ್ಲು ಮನೆಯವರ ಕಣ್ಣಿಗೆ ಆಟದ ಸಾಮಾನಾಗಿದ್ದರೂ, ಅದೇ ಹುಡುಗ ಊರ ಗಡಿ ದಾಟಿ ಕಾಡಿನಂಚಿನ ಕೌಜುಗದ ಕಡೆಗೆ ಅದನ್ನು ಎಳೆದು ಹಿಡಿದ ಗಳಿಗೆಯಲ್ಲಿ ಕಾನೂನಿನ ಕಣ್ಣಿಗೆ ಆಯುಧವಾಗಿಬಿಡುತ್ತದೆ.

ಕವಣೆಯಿಂದ ಕೋವಿಯವರೆಗೆ ಎಂದು ಹೇಳುವಾಗ ಸಣ್ಣದರಿಂದ ದೊಡ್ಡದಕ್ಕೆ, ಹಳೆಯದರಿಂದ ಹೊಸದಕ್ಕೆ ಏರಿದ ಒಂದು ಮೆಟ್ಟಿಲ ಸಾಲನ್ನು ಮನಸ್ಸು ತಾನಾಗಿ ಕಲ್ಪಿಸಿಕೊಳ್ಳುತ್ತದೆ. ಈ ಸೀಮೆಯ ಸಂಗತಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ಕಲ್ಪನೆ ನಿಲ್ಲುವುದಿಲ್ಲ. ಆಯುಧದ ಗಾತ್ರವನ್ನೋ ವಯಸ್ಸನ್ನೋ ಅಳೆಯುವುದಕ್ಕಿಂತ, ಅದು ಏಟು ಹಾಕುವ ಕ್ಷಣದಲ್ಲಿ ಅದನ್ನು ಹೂಡಿದವನು ಎಲ್ಲಿದ್ದಾನೆ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ. ಕವಣೆ ಬೀಸುವವನು ಹೊಲದಲ್ಲೇ ನಿಂತಿರುತ್ತಾನೆ, ಈಟಿ ಹಿಡಿದವನು ಪ್ರಾಣಿಯ ಉಸಿರಿನ ಅಳತೆಯಲ್ಲಿರುತ್ತಾನೆ, ನಾಡಕೋವಿಯವನು ಕೆಲವೇ ಮಾರು ದೂರದಲ್ಲಿ ಕತ್ತಲೆಗೆ ಕಿವಿಗೊಟ್ಟು ಕುಳಿತಿರುತ್ತಾನೆ. ಉರುಳು ಕಟ್ಟಿದವನಾಗಲಿ ವಿಷವಿಟ್ಟವನಾಗಲಿ ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾನೆ. ಇಲ್ಲಿನ ಆಯುಧಗಳ ಚರಿತ್ರೆಯನ್ನು ಮುಖ್ಯವಾಗಿ ಈ ಒಂದು ಭೇದದಿಂದಲೇ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಸೀಮೆಯ ಪರಿಚಯ ಸ್ವಲ್ಪ ಆವಶ್ಯಕ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಮದರಾಸಿನ ಆಡಳಿತದಲ್ಲೇ ಉಳಿಯಿತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸಂಸ್ಥಾನದೊಳಗೆ ಉಳಿಯಿತು. ಒಂದೇ ಮಾತು, ಒಂದೇ ಜಾತ್ರೆ, ಒಂದೇ ಕಾಡು ಇದ್ದರೂ ಒಂದೂವರೆ ಶತಮಾನ ಎರಡು ಸರ್ಕಾರಗಳ ಕಾಯ್ದೆಗಳು ಇಲ್ಲಿ ಅಕ್ಕಪಕ್ಕದಲ್ಲಿ ನಡೆದವು. ಕೊಳ್ಳೇಗಾಲ ತಾಲ್ಲೂಕಿನಿಂದಲೇ ಬೇರೆಯಾದ ಹನೂರು ಈಚಿನ ತಾಲ್ಲೂಕು. ಬಯಲಿನ ಧನಗೆರೆಯಂಥ ಊರಿನಿಂದ ಹೊರಟು ಪೂರ್ವಕ್ಕೂ ದಕ್ಷಿಣಕ್ಕೂ ನಡೆದರೆ ಗದ್ದೆ ತೋಟಗಳು ಮುಗಿದು ರಾಗಿ ಜೋಳದ ಬೆದ್ದಲು, ಅದು ಮುಗಿದು ಕುರುಚಲು, ಅದರಾಚೆ ಬೆಟ್ಟ. ಆ ಬೆಟ್ಟಗಳ ಸಾಲು ಈಗ ಬಹುಮಟ್ಟಿಗೆ ರಕ್ಷಿತ ಪ್ರದೇಶವಾಗಿದೆ: ಬಿಳಿಗಿರಿರಂಗನಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಗಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಕಾವೇರಿ ವನ್ಯಜೀವಿಧಾಮ 1987ರಲ್ಲಿ, ಮಲೆ ಮಹದೇಶ್ವರ ವನ್ಯಜೀವಿಧಾಮ 2013ರಲ್ಲಿ ಘೋಷಣೆಯಾದವು.

ಈಗ ಕವಣೆಯ ಮಾತು. ಕನ್ನಡದಲ್ಲಿ ಕವಣೆ ಎಂದರೆ ಹಗ್ಗದ ಸಾಧನ. ನಡುವೆ ಅಂಗೈಯಗಲದ ಒಂದು ಹೆಣೆದ ಪಟ್ಟಿ, ಅದರ ಎರಡು ಬದಿಗೂ ಒಂದೊಂದು ಹುರಿ, ಒಂದು ಹುರಿಯ ತುದಿಯಲ್ಲಿ ಬೆರಳು ತೂರಿಸುವ ಕುಣಿಕೆ, ಇನ್ನೊಂದರ ತುದಿಯಲ್ಲಿ ಹಿಡಿಯಲು ಒಂದು ಗಂಟು. ಪಟ್ಟಿಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ಸುತ್ತಿಸಿ ಗಂಟನ್ನು ಬಿಟ್ಟಾಗ ಕಲ್ಲು ಹಾರುತ್ತದೆ, ಬಿಟ್ಟ ಹುರಿಯ ತುದಿ ಗಾಳಿಯನ್ನು ಸೀಳಿ ಛಟೀರೆಂದು ಸದ್ದು ಮಾಡುತ್ತದೆ. ಜೋಳ ಹಾಲುಗಟ್ಟುವ ಕಾಲದಲ್ಲಿ ಹೊಲದ ನಡುವೆ ಕಟ್ಟಿದ ಅಟ್ಟಣೆಯ ಮೇಲೆ ನಿಂತು ಗಿಳಿ, ಗೀಜಗ, ಗುಬ್ಬಿಗಳ ಹಿಂಡನ್ನು ಎಬ್ಬಿಸುತ್ತಿದ್ದವರಿಗೆ ಹಕ್ಕಿಯನ್ನು ಹೊಡೆಯುವುದಕ್ಕಿಂತ ಈ ಸದ್ದೇ ಮುಖ್ಯವಾಗಿತ್ತು. ಹಿಂಡಿನ ನಡುವೆ ಕಲ್ಲು ಬಿದ್ದು ತೆನೆ ಅಲುಗಿದರೆ ಕೆಲಸ ಮುಗಿದಂತೆ. ಹಕ್ಕಿ ಕಾಯುವುದು ಹೆಣ್ಣುಮಕ್ಕಳ, ಮುದುಕರ, ಮಕ್ಕಳ ಕೆಲಸವಾಗಿದ್ದುದರಿಂದ ಕವಣೆಗೆ ಗಂಡಸುತನದ ಗತ್ತು ಅಂಟಿಕೊಳ್ಳಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಹುಡುಗರ ಕೈಯಲ್ಲಿ ಕಾಣುವ ಕವೆಯ ಬಿಲ್ಲು ಇದಕ್ಕಿಂತ ಬೇರೆಯದು. ಹಳೇ ಮೈಸೂರಿನ ಮಾತಿನಲ್ಲಿ ಅದಕ್ಕೆ ಕ್ಯಾಟರ್‌ಬಿಲ್ಲು ಎಂಬ ಹೆಸರಿದೆ. ಹೊರಗಿನಿಂದ ಬಂದ ಪದದ ಕೊನೆಯನ್ನು ಕನ್ನಡದ ಕಿವಿ ಬಿಲ್ಲಾಗಿ ಕೇಳಿಸಿಕೊಂಡು ತನ್ನದಾಗಿಸಿಕೊಂಡ ಸೊಗಸಾದ ಉದಾಹರಣೆ ಅದು. ಸೀಬೆ ಅಥವಾ ಹುಣಸೆಯ ಕೊಂಬೆಯಲ್ಲಿ ಎರಡೂ ತೋಳು ಸಮನಾಗಿ ಕವಲೊಡೆದ ಜಾಗವನ್ನು ಹುಡುಕಿ ಕಡಿದು, ತೊಗಟೆ ಸುಲಿದು, ಬೆಂಕಿಯ ಮೇಲೆ ಲಘುವಾಗಿ ಆಡಿಸಿ ಹಸಿ ಆರಿಸಿ, ತೋಳುಗಳ ತುದಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ಪಟ್ಟಿಗಳನ್ನು ಬಿಗಿದು, ಅವುಗಳ ಇನ್ನೊಂದು ತುದಿಗೆ ಸವೆದ ಚಪ್ಪಲಿಯಿಂದ ತೆಗೆದ ಚರ್ಮದ ತುಂಡನ್ನು ಸೇರಿಸಿದರೆ ಬಿಲ್ಲು ಸಿದ್ಧ. ಚರ್ಮ ಮೆತ್ತಗಿರಬೇಕು, ರಬ್ಬರಿನ ಎರಡು ಪಟ್ಟಿಯೂ ಒಂದೇ ಅಗಲ ಒಂದೇ ಉದ್ದ ಇರಬೇಕು. ಒಂದು ಪಟ್ಟಿ ಕೂದಲೆಳೆಯಷ್ಟು ಬಿಗಿಯಾದರೂ ಕಲ್ಲು ಗುರಿ ತಪ್ಪಿ ಹಿಡಿದವನ ಹೆಬ್ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಕೆರೆಯ ಜೇಡಿಮಣ್ಣನ್ನು ಗೋಲಿಯಂತೆ ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸಿದ ಗುಂಡುಗಳು ಕಲ್ಲಿಗಿಂತ ನೇರ ಹೋಗುತ್ತವೆ, ಏಕೆಂದರೆ ಅವು ಉರುಟಾಗಿರುತ್ತವೆ.

ಈ ಬಿಲ್ಲಿನ ಜೀವವೆಲ್ಲ ರಬ್ಬರಿನಲ್ಲಿದೆ. ಹಸಿ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. ಗಂಧಕ ಬೆರೆಸಿ ಕಾಯಿಸಿ ಅದಕ್ಕೆ ಸ್ಥಿರವಾದ ಹಿಗ್ಗು ಕೊಡುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1844ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದ್ದು 1888ರಲ್ಲಿ. ಅಂದರೆ ಸೈಕಲ್ ಟ್ಯೂಬು ಹಳ್ಳಿಗೆ ಬಂದ ಮೇಲೆಯೇ ಈ ಬಿಲ್ಲು ಹಳ್ಳಿಯ ಹುಡುಗರ ಕೈಗೆ ಬರಲು ಸಾಧ್ಯವಾಯಿತು. ಕನ್ನಡ ನಾಡಿನಲ್ಲಿ ಕೋವಿಯಾದರೋ ಅದಕ್ಕಿಂತ ಬಹಳ ಹಳೆಯದು; 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಯನ್ನು ಮುತ್ತಿದಾಗ ಪೋರ್ಚುಗೀಸ್ ಕೋವಿಕಾರರು ಕೋಟೆಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದು ನೆರವಾದರೆಂದು ಆ ಕಾಲದ ವಿದೇಶಿ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ಆದ್ದರಿಂದ ಮಕ್ಕಳ ಬಿಲ್ಲು ದೊಡ್ಡವರ ಕೋವಿಗಿಂತ ಕಡೆಯ ಪಕ್ಷ ಮುನ್ನೂರು ವರ್ಷ ಕಿರಿಯದು; ಬಾಲ್ಯದ ಆಯುಧವನ್ನು ಮನುಷ್ಯಕುಲದ ಬಾಲ್ಯದ ಆಯುಧವೆಂದು ಭಾವಿಸುವುದು ತಪ್ಪು.

ಹಕ್ಕಿ ಕಾಯುವ ಕೆಲಸಕ್ಕೂ ಕ್ಯಾಟರ್‌ಬಿಲ್ಲನ್ನು ಬಳಸುವುದುಂಟು. ಆದರೆ ಕವಣೆಗಿಲ್ಲದ ಒಂದು ಗುಣ ಇದರಲ್ಲಿದೆ: ಇದು ಗುರಿಯನ್ನು ಬೇಡುತ್ತದೆ. ಕಣ್ಣು, ಕವೆಯ ಸಂದು, ಹಕ್ಕಿ ಮೂರೂ ಒಂದೇ ಗೆರೆಗೆ ಬಂದಾಗ ಉಸಿರು ಹಿಡಿಯುವುದನ್ನು ಹುಡುಗ ಕಲಿಯುತ್ತಾನೆ, ಮುಂದೆ ಕೋವಿ ಹಿಡಿದವನು ಮಾಡುವುದೂ ಅದನ್ನೇ. ಮೊದಲ ಸಲ ಏಟು ತಗುಲಿ ಕೆಳಗೆ ಬಿದ್ದ ಹಕ್ಕಿಯನ್ನು ಅಂಗೈಯಲ್ಲಿ ಎತ್ತಿಕೊಂಡಾಗ ಅದು ಇನ್ನೂ ಬಿಸಿಯಾಗಿರುತ್ತದೆ, ಕಣ್ಣಿನ ಮೇಲೆ ಬೂದುಬಣ್ಣದ ಪೊರೆ ನಿಧಾನವಾಗಿ ಏರುತ್ತದೆ. ಹಳ್ಳಿಯಲ್ಲಿ ಬೆಳೆದ ಅನೇಕರು ಮುಪ್ಪಿನವರೆಗೂ ಮರೆಯದ ದೃಶ್ಯವದು. ಕೆಲವರು ಅಲ್ಲಿಗೇ ಬಿಲ್ಲನ್ನು ಬಿಟ್ಟಿದ್ದಾರೆ, ಕೆಲವರು ಬಿಟ್ಟಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂಬ ಪದ ಕೊಲ್ಲುವುದಕ್ಕಷ್ಟೇ ನಿಲ್ಲದೆ ಗೂಡು ಕೆಡಿಸುವುದನ್ನೂ ಮೊಟ್ಟೆಗೆ ಹಾನಿ ಮಾಡುವುದನ್ನೂ ಒಳಗೊಳ್ಳುತ್ತದೆ ಎಂಬುದನ್ನು ಶಾಲೆಗಳಲ್ಲಿ ಮಕ್ಕಳಿಗೆ ಬೆದರಿಕೆಯಾಗಿ ಹೇಳದೆ ತಿಳಿವಳಿಕೆಯಾಗಿ ಹೇಳಬೇಕಾದ ಅಗತ್ಯವಿದೆ.

ಕೋವಿ ಬರುವ ಮೊದಲು ದೊಡ್ಡ ಪ್ರಾಣಿಯನ್ನು ಎದುರಿಸುತ್ತಿದ್ದ ಬಗೆಗೆ ಕಲ್ಲುಗಳೇ ಸಾಕ್ಷಿ. ಊರನ್ನೋ ದನವನ್ನೋ ಉಳಿಸಲು ಹೋರಾಡಿ ಮಡಿದವರ ನೆನಪಿಗೆ ನೆಟ್ಟ ಶಿಲೆಗೆ ವೀರಗಲ್ಲು ಎಂದು ಹೆಸರು. ದಕ್ಷಿಣ ಕರ್ನಾಟಕದಲ್ಲಿ ಹುಲಿಯೊಡನೆ, ಹಂದಿಯೊಡನೆ ಸೆಣಸಿದವರ ವೀರಗಲ್ಲುಗಳೂ ಇವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949ರ ಪ್ರಸಿದ್ಧ ಕಲ್ಲು ಕಾಳಿ ಎಂಬ ನಾಯಿಯದು. ಗಂಗರ ಬೂತುಗನಿಂದ ಮಣಲೇರನಿಗೆ ಬಂದ ಆ ನಾಯಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಎರಡೂ ಒಟ್ಟಿಗೇ ಸತ್ತವು. ಪ್ರಾಣಿ ಮತ್ತು ಎದುರಾಳಿ ಇಬ್ಬರ ಜೀವವೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದ ಕಾಲದ ದಾಖಲೆಯಾಗಿ ಈ ಕಲ್ಲು ಬಹಳ ಬೆಲೆಯುಳ್ಳದ್ದು. ಹತ್ತೊಂಬತ್ತನೆಯ ಶತಮಾನದಲ್ಲೂ ಈ ಕಡೆಯ ಹಳ್ಳಿಗರು ಹುಲಿ ಅಡಗಿದ ಪೊದೆಯ ಸುತ್ತ ಬಲೆ ಕಟ್ಟಿ, ಹಗಲಿರುಳು ಕಾವಲಿದ್ದು, ಬಲೆಗೆ ನುಗ್ಗಿದ ಹುಲಿಯನ್ನು ಈಟಿಯಿಂದ ತಿವಿಯುತ್ತಿದ್ದರು. ಮೈಸೂರು ಸರ್ಕಾರದ ಆನೆ ಹಿಡಿಯುವ ಇಲಾಖೆಯನ್ನು ನೋಡಿಕೊಳ್ಳುತ್ತಾ ಚಾಮರಾಜನಗರದ ಬಳಿ ಬಿಡಾರ ಹೂಡಿದ್ದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ.

ಕಬ್ಬಿಣದ ಬಗ್ಗೆ ಈ ಸೀಮೆಯ ಜನಪದಕ್ಕೆ ತನ್ನದೇ ಒಂದು ದೃಷ್ಟಿಯಿದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕುಲುಮೆಯ ಕುಲದವರ, ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ, ಅವರು ಒಡ್ಡಿದ ಕಠಿಣ ಪರೀಕ್ಷೆಗಳನ್ನೆಲ್ಲ ಗೆದ್ದು ಬರುತ್ತಾನೆ. ಹನೂರು ತಾಲ್ಲೂಕಿನ ಚಿಕ್ಕಲ್ಲೂರಿನಲ್ಲಿ ಪ್ರತಿ ವರ್ಷ ನಡೆಯುವ ಜಾತ್ರೆ ಆ ಸಿದ್ಧಪ್ಪಾಜಿಯದೇ. ಬೇಡಿ ಪಡೆಯಬೇಕಾದ, ಯೋಗ್ಯತೆ ತೋರಿಸಿದ ಮೇಲಷ್ಟೇ ಕೈಗೆ ಬರುವ ವಸ್ತುವಾಗಿ ಕಬ್ಬಿಣವನ್ನು ಕಂಡ ಈ ಕಲ್ಪನೆ ಆಯುಧಪೂಜೆಯ ಅರ್ಥಕ್ಕೆ ಬಹಳ ಹತ್ತಿರದಲ್ಲಿದೆ. ಮಹದೇಶ್ವರನ ಕಾವ್ಯದ ಮಾದಪ್ಪನಂತೂ ಹುಲಿಯನ್ನು ಕೊಲ್ಲದೆ ಅದನ್ನೇ ಏರಿ ಏಳುಮಲೆ ಸುತ್ತಿದವನು. ಬಿಳಿಗಿರಿರಂಗನಬೆಟ್ಟದ ಸೋಲಿಗರೂ ಹುಲಿಯನ್ನು ಹುಲಿವೀರಪ್ಪನೆಂದು ಪೂಜಿಸುತ್ತಾರೆ.

ನಾಡಕೋವಿ ಎಂದರೆ ಮೂತಿಯ ಕಡೆಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದನ್ನು ಅಳತೆಯಿಂದ ನಳಿಗೆಗೆ ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆಯಿಟ್ಟು, ಗಜ ಎಂದು ಕರೆಯುವ ಕಬ್ಬಿಣದ ಸಲಾಕೆಯಿಂದ ಜಡಿದು, ಆಮೇಲೆ ಚರೆಯೆಂಬ ಸೀಸದ ಕಾಳುಗಳನ್ನು ಹಾಕಿ, ಅವು ಉರುಳಿ ಬೀಳದಂತೆ ಮತ್ತೊಂದು ನಾರಿನ ಉಂಡೆ ತುರುಕಿ, ಕೊನೆಗೆ ಹಿಂಬದಿಯ ಮೊಳೆಯ ಮೇಲೆ ಕೇಪು ಕೂರಿಸುತ್ತಾರೆ; ಕುದುರೆ ಎಂದು ಹೆಸರಾದ ಬಾಗಿದ ಸುತ್ತಿಗೆ ಕೇಪಿನ ಮೇಲೆ ಬಡಿದಾಗ ಕಿಡಿ ಒಳಗಿಳಿದು ಮದ್ದಿಗೆ ತಗುಲುತ್ತದೆ. ಇಷ್ಟೂ ಕೆಲಸಕ್ಕೆ ಪಳಗಿದ ಕೈಗೂ ಸಮಯ ಬೇಕು, ಮಳೆಯ ತೇವಕ್ಕೆ ಮದ್ದು ಹತ್ತದೆ ಹೋಗುವುದೂ ಉಂಟು, ಹೊಗೆ ಆರುವವರೆಗೆ ಮುಂದೇನಾಯಿತೆಂದು ಕಾಣುವುದಿಲ್ಲ. ಗಾಯಗೊಂಡ ಹಂದಿ ತಿರುಗಿ ಬಂದರೆ ಎರಡನೆಯ ಈಡಿಗೆ ಅವಕಾಶವೇ ಇಲ್ಲ. ಆದುದರಿಂದ ನಾಡಕೋವಿ ಹಿಡಿದ ರೈತ ಬಹುಪಾಲು ರಾತ್ರಿಗಳಲ್ಲಿ ಗುಂಡನ್ನು ಆಕಾಶಕ್ಕೇ ಬಿಟ್ಟಿದ್ದಾನೆ. ಕವಣೆಯ ಹಾಗೆ ಅವನಿಗೂ ಬೇಕಾಗಿದ್ದದ್ದು ಮುಖ್ಯವಾಗಿ ಸದ್ದು.

ಪರವಾನಗಿಯ ಕಾನೂನಿನಲ್ಲೂ ಈ ಕಾವಲಿನ ಉದ್ದೇಶಕ್ಕೆ ಸ್ಥಾನವಿದೆ. 1959ರ ಕಾಯ್ದೆ ಬೆಳೆ ರಕ್ಷಣೆಗಾಗಿ ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ನಯವಾದ ನಳಿಗೆಯ ಕೋವಿಗೂ ಪರವಾನಗಿ ಕೊಡಬಹುದೆನ್ನುತ್ತದೆ. ಪರವಾನಗಿ ಪಡೆಯುವವರಿಗೆ 21 ವರ್ಷ ತುಂಬಿರಬೇಕು, 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ 2ಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಕೊಳ್ಳೇಗಾಲ ಸೀಮೆಗೆ ಅಂಥದ್ದಿಲ್ಲ. ಅಲ್ಲದೆ ವನ್ಯಜೀವಿಧಾಮದ ಒಳಗೂ ಅದರ ಅಂಚಿನಿಂದ 10 ಕಿಲೋಮೀಟರ್ ಒಳಗೂ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ವನ್ಯಜೀವಿ ಕಾಯ್ದೆಯ ಪ್ರಕಾರ ನೋಂದಾಯಿಸಿಕೊಳ್ಳಬೇಕು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಮೂರು ರಕ್ಷಿತ ಪ್ರದೇಶಗಳು ಸುತ್ತುವರಿದ ನೆಲದಲ್ಲಿ ಈ 10 ಕಿಲೋಮೀಟರಿನ ಗೆರೆ ಎಳೆದರೆ ಅದರೊಳಗೆ ಎಷ್ಟೋ ಹಳ್ಳಿಗಳು ಬರುತ್ತವೆ. ಚುನಾವಣೆ ಘೋಷಣೆಯಾದಾಗ ಇರುವ ಕೋವಿಗಳನ್ನೂ ಠಾಣೆಗೆ ಒಪ್ಪಿಸಲು ಸೂಚನೆ ಬರುವುದುಂಟು, ಆನೆ ಹಂದಿಗಳಿಗೆ ಚುನಾವಣೆಯ ವೇಳಾಪಟ್ಟಿ ಗೊತ್ತಿರುವುದಿಲ್ಲವೆಂಬ ರೈತರ ದೂರಿನಲ್ಲಿ ನ್ಯಾಯವಿದೆ.

ಇದೇ ಕಾಡುಗಳಲ್ಲಿ ಇನ್ನೊಂದು ಬಗೆಯ ಕೋವಿಯೂ ಓಡಾಡಿತು. ಬಿಳಿಗಿರಿರಂಗನಬೆಟ್ಟದಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಆರ್.ಸಿ. ಮಾರಿಸ್ ಹೆಸರಾಂತ ಬೇಟೆಗಾರರೂ ಹೌದು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆದ ಪ್ರಾಣಿವೀಕ್ಷಕರೂ ಹೌದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೊಳ್ಳೇಗಾಲದ ಕಾಡುಗಳಲ್ಲಿಯೂ ಅವಕ್ಕೆ ಹೊಂದಿಕೊಂಡ ತಮಿಳುನಾಡಿನ ಕಾಡುಗಳಲ್ಲಿಯೂ ಅಲೆದು ನರಭಕ್ಷಕಗಳ ಕಥೆಗಳನ್ನು ಬರೆದರು, ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕಾಡಿನ ಕಥೆಗಳಾಗಿ ಕನ್ನಡಕ್ಕೆ ತಂದುದರಿಂದ ಅವು ಕನ್ನಡಿಗರಿಗೆ ಮನೆಮಾತಾದವು. ಈ ಸಾಹಿತ್ಯವನ್ನು ಓದುವಾಗ ರೈಫಲಿನ ಹೆಸರು, ನಳಿಗೆಯ ಅಳತೆ, ಗುಂಡಿನ ತೂಕ ಚೆನ್ನಾಗಿ ನೆನಪುಳಿಯುತ್ತವೆ. ತರಗೆಲೆಯ ಮೇಲಿನ ಹೆಜ್ಜೆಯನ್ನೋದಿ, ಗಾಳಿಯ ದಿಕ್ಕನ್ನು ಹೇಳಿ, ಬರಿಗೈಯಲ್ಲೋ ಒಂದು ಮಚ್ಚಿನೊಡನೆಯೋ ಬೇಟೆಗಾರನಿಗಿಂತ ಮುಂದೆ ನಡೆದ ಸೋಲಿಗ ಜಾಡುಗಾರ ಅಷ್ಟಾಗಿ ನೆನಪುಳಿಯುವುದಿಲ್ಲ. ಕೋವಿಯಿದ್ದವನಿಗಿಂತ ಇಲ್ಲದವನ ಧೈರ್ಯ ದೊಡ್ಡದಾಗಿತ್ತೆಂದು ಹೇಳಲು ಹೆಚ್ಚಿನ ಪುರಾವೆ ಬೇಕಿಲ್ಲ.

ಹನೂರು ತಾಲ್ಲೂಕಿನ ಗೋಪಿನಾಥಂ 1952ರಲ್ಲಿ ವೀರಪ್ಪನ್ ಹುಟ್ಟಿದ ಊರು. ಆನೆಯ ದಂತಕ್ಕೆ ಮಾರುಕಟ್ಟೆಯಿದ್ದ ಕಾಲದಲ್ಲಿ ಬೇಟೆಗೆ ತೊಡಗಿ, ಮುಂದೆ ಗಂಧದ ಮರಕ್ಕೆ ಕೈಯಿಕ್ಕಿದ ಆತನ ಕಥೆಯನ್ನು ವಿಸ್ತರಿಸುವುದು ಇಲ್ಲಿನ ಉದ್ದೇಶವಲ್ಲ. ಆದರೆ ಕಾವಲಿನ ಸಾಧನವಾಗಿದ್ದ ಕೋವಿ ದುಡ್ಡಿನ ಸಾಧನವಾದಾಗ ಏನಾಗುತ್ತದೆಂಬುದಕ್ಕೆ ಅದಕ್ಕಿಂತ ದಾರುಣವಾದ ನಿದರ್ಶನ ಕರ್ನಾಟಕದಲ್ಲಿಲ್ಲ. ಗೋಪಿನಾಥಂನಲ್ಲಿ ಜನರ ವಿಶ್ವಾಸ ಗಳಿಸಿ, ಮಾರಮ್ಮನ ಗುಡಿ ಕಟ್ಟಿಸಿ, ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್ 10ರಂದು ಕೊಲೆಯಾದರು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಬಂದಿತು. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿ ನಡೆದು ಪೊಲೀಸರು ಸತ್ತರು, ಠಾಣೆಯ ಬಂದೂಕುಗಳೇ ಲೂಟಿಯಾದವು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಮದ್ದನ್ನು ದಾರಿಯಲ್ಲಿ ಹೂತು ದೂರದಲ್ಲಿ ಕುಳಿತು ಸಿಡಿಸುವ ಆಯುಧದ ಎದುರು ಕವಣೆ, ಈಟಿ, ನಾಡಕೋವಿಗಳ ಲೋಕದ ಯಾವ ಅಳತೆಯೂ ನಿಲ್ಲಲಿಲ್ಲ. ಕಾಡಂಚಿನ ಬಡವರು ಎರಡು ಕಡೆಯ ಬಂದೂಕುಗಳ ನಡುವೆ ಸಿಕ್ಕಿದರು. ವೀರಪ್ಪನ್‌ನನ್ನು ಹಿಡಿಯಲು ಹೊರಟ ಪೊಲೀಸ್ ಕಾರ್ಯಪಡೆಗಳಿಂದ ಆದ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಬಳಿ ವೀರಪ್ಪನ್ ಹತನಾದ.

ಆ ಬಂದೂಕು ಸುಮ್ಮನಾದ ಮೇಲೆ ಕಾಡು ನಿಶ್ಶಬ್ದವಾಗಿದೆಯೇ ಹೊರತು ನಿರಾಯುಧವಾಗಿಲ್ಲ. ಈಗ ಹೆಚ್ಚು ಪ್ರಾಣ ತೆಗೆಯುತ್ತಿರುವ ಆಯುಧಗಳಿಗೆ ಸದ್ದೇ ಇಲ್ಲ. ಉರುಳು ಎಂದರೆ ದ್ವಿಚಕ್ರ ವಾಹನದ ಬ್ರೇಕಿನಲ್ಲಿ ಬಳಸುವಂಥ ಉಕ್ಕಿನ ಎಳೆಗೆ ಜಾರುವ ಕುಣಿಕೆ ಹಾಕಿ, ಬೇಲಿಯ ಸಂದಿನಲ್ಲಿ ಪ್ರಾಣಿ ನುಸುಳುವ ಜಾಗ ನೋಡಿ, ಗೂಟಕ್ಕೆ ಬಿಗಿದು ಬಿಡುವ ಬಲೆ. ಮೊಲಕ್ಕೋ ಹಂದಿಗೋ ಕಟ್ಟಿದ್ದು ಅವಕ್ಕೇ ಬೀಳಬೇಕೆಂಬ ನಿಯಮವಿಲ್ಲ. ಚಿರತೆ ನುಸುಳಿದರೆ ತಲೆ ದಾಟಿ ಸೊಂಟಕ್ಕೆ ಕುಣಿಕೆ ಕೂರುತ್ತದೆ, ಎಳೆದಷ್ಟೂ ಬಿಗಿಯುತ್ತದೆ, ಬೆಳಗಿನವರೆಗೂ ಎಳೆಯುತ್ತಲೇ ಇರುತ್ತದೆ. ತಿನಿಸಿನೊಳಗೆ ಸಿಡಿಮದ್ದು ಅಡಗಿಸಿ ಹಂದಿಗೆಂದು ಇಟ್ಟದ್ದನ್ನು ಮೇಯಲು ಬಂದ ಹಸು ಕಚ್ಚಿದರೆ ದವಡೆ ಹಾರಿಹೋಗುತ್ತದೆ, ಆಮೇಲೆ ಅದು ನೀರೂ ಕುಡಿಯಲಾರದೆ ನಿಧಾನವಾಗಿ ಸಾಯುತ್ತದೆ. ಬೇಲಿಗೆ ಹರಿಸುವ ವಿದ್ಯುತ್ತಿನಲ್ಲೂ ಎರಡು ಬಗೆಯಿದೆ, ಅವೆರಡರ ನಡುವಣ ವ್ಯತ್ಯಾಸವನ್ನು ತಿಳಿಯದವರು ಇನ್ನೂ ಇದ್ದಾರೆ: ಸೌರಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಿಮೆ ಹೊತ್ತಿನ ಒಂದು ಚುರುಕನ್ನು ಕಳುಹಿಸುತ್ತದೆ, ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯಲು ನಡುವೆ ಬಿಡುವಿರುತ್ತದೆ; ಕಂಬದ ತಂತಿಯಿಂದ ನೇರವಾಗಿ ಎಳೆದ ವಿದ್ಯುತ್ತು ಬಿಡುವಿಲ್ಲದೆ ಹರಿದು ಸ್ನಾಯುಗಳನ್ನು ಸೆಟೆಸುತ್ತದೆ, ಆನೆಯನ್ನೂ ಬಿಡುವುದಿಲ್ಲ, ಮುಂಜಾನೆ ನೀರು ಕಟ್ಟಲು ಬರುವ ಪಕ್ಕದ ಹೊಲದವನನ್ನೂ ಬಿಡುವುದಿಲ್ಲ.

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ, ಅದೇ ಮೀಣ್ಯಂ ಕಾಡಿನಲ್ಲಿ, ಒಂದು ತಾಯಿಹುಲಿ ಮತ್ತು ಅದರ 4 ಮರಿಗಳು ಸತ್ತು ಬಿದ್ದಿದ್ದುದು ಕಂಡುಬಂದಿತು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹಸು ಕಳೆದುಕೊಂಡವರ ಸಂಕಟವನ್ನು ಹಗುರವಾಗಿ ನೋಡಬಾರದು. ಬಡವರ ಮನೆಯಲ್ಲಿ ಒಂದು ಹಸುವೆಂದರೆ ಒಂದು ವರ್ಷದ ಬದುಕು, ಪರಿಹಾರದ ಹಣ ಅರ್ಜಿ, ಪಂಚನಾಮೆ, ಪಶುವೈದ್ಯರ ಪತ್ರ ಎಲ್ಲ ದಾಟಿ ಬರಬೇಕು. ಆದರೆ ಈಟಿ ಹಿಡಿದು ಬಲೆಯ ಸುತ್ತ ನಿಂತ ಹಳಬನಿಗೆ ಎದುರಿಗಿದ್ದ ಹುಲಿಯೊಂದೇ ಗುರಿಯಾಗಿತ್ತು. ವಿಷವಿಟ್ಟವನಿಗೆ ಮರಿಗಳಿರುವುದು ಗೊತ್ತಿತ್ತೋ ಇಲ್ಲವೋ, ವಿಷಕ್ಕಂತೂ ಗೊತ್ತಿರಲಿಲ್ಲ. ಹೂಡಿದವನು ಸ್ಥಳದಲ್ಲಿಲ್ಲದ ಆಯುಧ ತಾನು ಯಾರನ್ನು ಕೊಲ್ಲುತ್ತಿದ್ದೇನೆಂದು ಕೇಳುವುದಿಲ್ಲ, ಕೊನೆಯ ಗಳಿಗೆಯಲ್ಲಿ ಕೈ ಹಿಂದೆಗೆಯುವ ಅವಕಾಶವೂ ಅದಕ್ಕಿಲ್ಲ. ಮಾದಪ್ಪನ ವಾಹನವೆಂದು ಹುಲಿಗೆ ಕೈಮುಗಿಯುವ ಬೆಟ್ಟದ ತಪ್ಪಲಲ್ಲೇ ಇದು ನಡೆಯಿತೆಂಬುದು ಆ ಸೀಮೆಯವರೆಲ್ಲರೂ ಹೊತ್ತುಕೊಳ್ಳಬೇಕಾದ ದುಃಖ.

ಹೂಡಿದವನು ಸ್ಥಳದಲ್ಲಿಲ್ಲದ ಆಯುಧಗಳು ಹೀಗೆ ಹೆಚ್ಚಿದ್ದೇಕೆಂಬುದಕ್ಕೆ ಒಂದು ಸರಳ ಕಾರಣವಿದೆ: ಹೊಲ ಕಾಯುವವರು ಇಲ್ಲ. ಅಟ್ಟಣೆಯ ಮೇಲೆ ಸರದಿಯಲ್ಲಿ ಎಚ್ಚರವಿದ್ದು, ತಮಟೆ ಬಡಿದು, ಕೂಗು ಹಾಕಿ, ಒಂದು ಹೊಲದ ಕೂಗಿಗೆ ಇನ್ನೊಂದು ಹೊಲದಿಂದ ಮಾರ್ದನಿ ಬರುತ್ತಿದ್ದ ಕಾವಲಿಗೆ ಜನ ಬೇಕು. ಹರೆಯದವರು ಬೆಂಗಳೂರಿಗೂ ತಮಿಳುನಾಡಿನ ಊರುಗಳಿಗೂ ಕೂಲಿಗೆ ಹೋದ ಮನೆಗಳಲ್ಲಿ ಉಳಿದ ಮುದುಕರಿಬ್ಬರು ರಾತ್ರಿಯಿಡೀ ಎಚ್ಚರವಿರಲಾರರು. ಆ ತೆರವಾದ ಜಾಗಕ್ಕೆ ತಂತಿ, ವಿಷ, ಸಿಡಿಮದ್ದು ಬಂದು ಕುಳಿತಿವೆ. ಕಾಡಿನೊಳಗೆ ಮಾತ್ರ ಮನುಷ್ಯರ ಕಾವಲು ಇನ್ನೂ ಉಳಿದಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತು, ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದ ದೇಶದ ಮೊದಲ ಸಮುದಾಯವೆಂಬ ಹೆಸರು ಅವರದಾಯಿತು. ಹಿಂದೆ ಬೇಟೆಗಾರರ ಮುಂದೆ ನಡೆದ ಜಾಡುಗಾರರ ಪೀಳಿಗೆಯವರು ಈಗ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಯ ಮೇಲೆ ದುಡಿಯುತ್ತಾ, ಬೆಳಗ್ಗೆ ಗಸ್ತು ಹೊರಟಾಗ ಬೇಲಿಯುದ್ದಕ್ಕೂ ಉರುಳುಗಳನ್ನು ಹುಡುಕಿ ಬಿಚ್ಚುತ್ತಾರೆ. ಅವರ ಕೂಲಿ ಸಕಾಲಕ್ಕೆ ಸಿಗಬೇಕು, ಅವರ ನೌಕರಿಗೆ ಭದ್ರತೆ ಬರಬೇಕು. ಈ ಸೀಮೆಯಲ್ಲಿ ಆಯುಧಗಳನ್ನು ಕಡಿಮೆ ಮಾಡಬೇಕೆಂಬ ಯಾವ ಮಾತೂ ಅಲ್ಲಿಂದಲೇ ಶುರುವಾಗಬೇಕು.

ಕಾಡಂಚಿನ ಊರುಗಳವರು ತಮ್ಮ ಹೊಲದ ಬದಿಯಲ್ಲಾಗಲಿ ಬೇಲಿಯ ಸಂದಿನಲ್ಲಾಗಲಿ ಗೂಟಕ್ಕೆ ಬಿಗಿದ ತಂತಿಯ ಕುಣಿಕೆಯನ್ನೋ ಅನುಮಾನ ಬರುವಂಥ ತಿನಿಸನ್ನೋ ಕಂಡರೆ ಮುಟ್ಟದೆ, ಮಕ್ಕಳನ್ನೂ ದನಗಳನ್ನೂ ದೂರವಿರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು.